ಕಾಲು, ಹಾಸಿಗೆ ಮತ್ತು ಒಂದು ಗ್ರಾಫಿಕ್ಸ್ ಕಾರ್ಡು

ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. 2025ರಲ್ಲಿ ನಾನು ಆ ದಾರಿಯಲ್ಲಿ ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ವಾಪಸಾದೆ. ಕೊಳ್ಳಬೇಕೆಂದಿದ್ದದ್ದು ಒಂದು ಗ್ರಾಫಿಕ್ಸ್ ಕಾರ್ಡು. ಆ ವರ್ಷದ ಜನವರಿಯಲ್ಲಿ ಎನ್‌ವಿಡಿಯಾ ಕಂಪನಿ ಘೋಷಿಸಿದ ಆರ್‌ಟಿಎಕ್ಸ್ 5090. ಅಮೆರಿಕದಲ್ಲಿ ಅದಕ್ಕೆ ಹೇಳಿದ ಬೆಲೆ 1,999 ಡಾಲರ್. ನಮ್ಮಲ್ಲಿ ಎರಡು ಲಕ್ಷ ರೂಪಾಯಿ ದಾಟುತ್ತದೆ. ಅತಿಥಿ ಉಪನ್ಯಾಸಕನಾಗಿ ಇತಿಹಾಸ ಪಾಠ ಮಾಡುವ ನನಗೆ ಅದು ತಿಂಗಳುಗಟ್ಟಲೆಯ ಸಂಬಳ. ಅದರಲ್ಲಿ ಒಂದು ಪಾಲು ಮಗಳ ಮುಂದಿನ ಓದಿಗೆಂದು ತೆಗೆದಿಟ್ಟ ಹಣದಿಂದಲೇ ಬರಬೇಕಿತ್ತು. ಹೆಂಡತಿ ಜಗಳವಾಡಲಿಲ್ಲ. ಒಂದೇ ಮಾತು ಕೇಳಿದಳು: “ಈಗಿರೋದು ಕೆಟ್ಟಿದ್ಯಾ?”

ಕೆಟ್ಟಿರಲಿಲ್ಲ. ನನ್ನ ಹಳೆಯ ಜಿಟಿಎಕ್ಸ್ 1060 ಎಂಟು ವರ್ಷಗಳಿಂದ ಮುನಿಸಿಕೊಳ್ಳದೆ ಕೆಲಸ ಮಾಡುತ್ತಿತ್ತು. ಅದರ ಮೇಲೆ ನಾನು ಆಟ ಆಡುವವನಲ್ಲ. ಹಲವು ವರ್ಷಗಳಲ್ಲಿ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಕೂತು ಹಳೆಯ ಕನ್ನಡ ಪತ್ರಿಕೆಗಳ ಸುಮಾರು ಮೂರು ಸಾವಿರ ಪುಟಗಳನ್ನು ಫೋಟೋ ತೆಗೆದಿದ್ದೇನೆ. ಅವನ್ನು ಕಂಪ್ಯೂಟರು ತಾನಾಗಿ ಓದುವಂತೆ ಕಲಿಸಬೇಕೆಂಬುದು ನನ್ನ ಹುಚ್ಚು. ಮೊಳೆ ಜೋಡಿಸಿ ಅಚ್ಚು ಹಾಕಿದ ಕನ್ನಡ ಎಷ್ಟು ಚಂದವೋ ಯಂತ್ರಕ್ಕೆ ಅಷ್ಟೇ ಕಷ್ಟ. ಪ ಮತ್ತು ಷ, ದ ಮತ್ತು ಧ, ಇವುಗಳ ನಡುವಿರುವ ಒಂದು ಸಣ್ಣ ಗೀಟು ಸವೆದ ಮೊಳೆಯಲ್ಲಿ ಅಳಿಸಿಹೋಗಿರುತ್ತದೆ. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿರುತ್ತದೆ. ಹಳೆಯ ಕಾರ್ಡಿನ ಮೇಲೆ ಒಂದು ಸುತ್ತು ತರಬೇತಿಗೆ ಒಂದು ರಾತ್ರಿ ಬೇಕು. ಬೆಳಿಗ್ಗೆ ಎದ್ದು ನೋಡಿದರೆ ‘ಭಾಷೆ’ ಎಂಬುದನ್ನು ಅದು ‘ಭಾಪೆ’ ಎಂದು ಓದಿರುತ್ತದೆ. ಹೊಸ ಕಾರ್ಡು ಬಂದರೆ ಇದೆಲ್ಲ ನೀಗುತ್ತದೆ ಎಂದು ನಾನು ನಂಬಿದ್ದೆ.

ಆ ನಂಬಿಕೆಯನ್ನು ಪರೀಕ್ಷಿಸಲು ನಾನು ನನ್ನ ಕಸುಬಿನ ದಾರಿಯನ್ನೇ ಹಿಡಿದೆ. ದೊಡ್ಡ ಯಂತ್ರ ಬೇಕೆಂದು ಹಂಬಲಿಸಿದವರು ಈ ಊರಿನಲ್ಲಿ ಹಿಂದೆ ಯಾರಿದ್ದರು, ಅವರು ಏನು ಮಾಡಿದರು ಎಂದು ಹುಡುಕಿದೆ. ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಮೈಸೂರು ಅರಸರು ಕೊಟ್ಟ ಜಾಗದಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು.

1980ರ ದಶಕದಲ್ಲಿ ಜಗತ್ತಿನ ವೇಗದ ಕಂಪ್ಯೂಟರು ಎಂದರೆ ಅಮೆರಿಕದ ಕ್ರೇ ಕಂಪನಿಯದು. ಮಳೆಗಾಲದ ಮುನ್ಸೂಚನೆಗೆಂದು ಭಾರತ ಒಂದು ಕ್ರೇ ಕೇಳಿತು. ಎರಡು ಪ್ರೊಸೆಸರುಗಳ ಎಕ್ಸ್-ಎಂಪಿ ಬೇಕೆಂದು ಕೇಳಿದ್ದಕ್ಕೆ, ವರ್ಷಗಳ ಮಾತುಕತೆಯ ನಂತರ, ಒಂದೇ ಪ್ರೊಸೆಸರಿನ ಎಕ್ಸ್-ಎಂಪಿ 14 ಕೊಡಲು ಅಮೆರಿಕ ಒಪ್ಪಿತು. ಹವಾಮಾನಕ್ಕೆ ಬಳಸುವ ಯಂತ್ರವನ್ನೇ ಅಣ್ವಸ್ತ್ರದ ಲೆಕ್ಕಕ್ಕೂ ಬಳಸಬಹುದೆಂಬುದು ಅವರ ಅನುಮಾನ. ಯಾರು ಬಳಸಬೇಕು, ಯಾವುದಕ್ಕೆ ಬಳಸಬೇಕು ಎಂಬ ಷರತ್ತುಗಳೊಂದಿಗೆ ಅದು 1988ರಲ್ಲಿ ದೆಹಲಿಗೆ ಬಂತು. ವಿಜ್ಞಾನ ಸಂಸ್ಥೆಗೂ ಒಂದು ಕ್ರೇ ಬೇಕೆಂಬ ಕೇಳಿಕೆ ಇತ್ತು. ಅದು ಕೈಗೂಡಲಿಲ್ಲ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಮುಗಿಸುವ ರೀತಿ ಒಂದಿದೆ. ಅವರು ಕೊಡಲಿಲ್ಲ, ನಾವೇ ಮಾಡಿಕೊಂಡೆವು: 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯಿತು, ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಬಂತು. ಇದು ನಿಜವೇ. ಆದರೆ ಅದಕ್ಕಿಂತ ಐದು ವರ್ಷ ಮೊದಲೇ, ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ವಿಮಾನ ನಿಲ್ದಾಣದ ಹಳೆಯ ರಸ್ತೆಯ ಕಡೆ, ಎನ್‌ಎಎಲ್‌ನಲ್ಲಿ ನಡೆದದ್ದು ನನಗೆ ಹೆಚ್ಚು ಹತ್ತಿರದ್ದಾಗಿ ಕಂಡಿತು.

ಎನ್‌ಎಎಲ್‌ನ ನಿರ್ದೇಶಕರಾಗಿ ಆಗ ಇದ್ದವರು ರೊದ್ದಂ ನರಸಿಂಹ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದು ಆ ಸಂಸ್ಥೆಯ ನಿತ್ಯದ ಪ್ರಶ್ನೆ. ಅದರ ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಲಾಗದು. ಆಕಾಶವನ್ನು ಸಣ್ಣ ಸಣ್ಣ ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ ಒಂದೇ ಬಗೆಯ ಲೆಕ್ಕ ಹಾಕಿ, ಪಕ್ಕದ ಚೌಕದ ಉತ್ತರದೊಂದಿಗೆ ಹೊಂದಿಸುತ್ತಾ ಹೋಗಬೇಕು. ಹಾಗಿದ್ದರೆ ಒಬ್ಬ ಮಹಾ ಲೆಕ್ಕಿಗನ ಬದಲು ನಾಲ್ಕು ಜನ ಸಾಮಾನ್ಯ ಲೆಕ್ಕಿಗರಿಗೆ ಚೌಕಗಳನ್ನು ಹಂಚಿಕೊಟ್ಟರೆ ಆಗದೆ? 1986ರ ಕೊನೆಗೆ ಯು.ಎನ್. ಸಿನ್ಹಾ ಮತ್ತು ಅವರ ತಂಡ ಕಟ್ಟಿದ ಯಂತ್ರ ಇಷ್ಟೇ: ನಾಲ್ಕು ಇಂಟೆಲ್ 8086 ಪ್ರೊಸೆಸರುಗಳು, ದಶಮಾಂಶದ ಲೆಕ್ಕಕ್ಕೆ ಅವುಗಳ ಜೊತೆಗೆ 8087 ಚಿಪ್ಪುಗಳು. ಮೇಜಿನ ಮೇಲಿನ ಕಂಪ್ಯೂಟರುಗಳ ಕುಲಕ್ಕೆ ಸೇರಿದ, 1978ರಲ್ಲೇ ಬಂದ ಪ್ರೊಸೆಸರು ಅದು. ಹೆಸರು ಫ್ಲೋಸಾಲ್ವರ್, ಹರಿವನ್ನು ಬಿಡಿಸುವ ಯಂತ್ರ. ಭಾರತದ ಮೊದಲ ಸಮಾಂತರ ಕಂಪ್ಯೂಟರು.

ನನ್ನನ್ನು ತಡೆದು ನಿಲ್ಲಿಸಿದ್ದು ಆ ಹೆಸರು. ಅದರಲ್ಲಿ ಬಲದ ಮಾತಿಲ್ಲ, ವೇಗದ ಮಾತಿಲ್ಲ. ಯಾವ ಕೆಲಸಕ್ಕೆ ಹುಟ್ಟಿದೆ ಎಂಬುದಷ್ಟೇ ಇದೆ. ಮೊದಲು ಪ್ರಶ್ನೆ ಇತ್ತು, ಆಮೇಲೆ ಯಂತ್ರ ಬಂತು. ಹಾಗೆಂದು ಅವರು ನಾಲ್ಕು ಪ್ರೊಸೆಸರಿಗೇ ತೃಪ್ತರಾಗಿ ಕೂತರೆ? ಇಲ್ಲ. ಲೆಕ್ಕ ಬೆಳೆದಂತೆ ಯಂತ್ರವೂ ಬೆಳೆಯಿತು. ಮಾರ್ಕ್ 1 ಆದ ಮೇಲೆ ಮಾರ್ಕ್ 2, ಮಾರ್ಕ್ 3 ಬಂದವು. 8086 ಹೋಗಿ 386 ಬಂತು, ಅದೂ ಹೋಗಿ ಐ860 ಬಂತು. 1990ರ ದಶಕದಲ್ಲಿ, ದೆಹಲಿಯ ಕ್ರೇ ಮೇಲೆ ಓಡುತ್ತಿದ್ದ ಟಿ80 ಎಂಬ ಹವಾಮಾನ ಮಾದರಿಯನ್ನು ಫ್ಲೋಸಾಲ್ವರ್ ಮೇಲೂ ಓಡಿಸಿದರು. ನಾವು ಇಂದು ಅಪ್‌ಗ್ರೇಡ್ ಎನ್ನುವುದು ಇದನ್ನೇ. ಪ್ರತಿ ಹೆಜ್ಜೆಗೂ ಅವರ ಬಳಿ ಕಾರಣ ಇತ್ತು, ಹಿಂದಿನ ಯಂತ್ರ ಎಲ್ಲಿ ಸಾಲದಾಯಿತು ಎಂಬ ತಿಳಿವಳಿಕೆ ಇತ್ತು.

ಈಗ ನನ್ನ ಮೇಜಿನ ಕೆಳಗಿನ ಪೆಟ್ಟಿಗೆಗೆ ಬರುತ್ತೇನೆ. ಎಕ್ಸ್-ಎಂಪಿಯ ಒಂದು ಪ್ರೊಸೆಸರು ತನ್ನ ಪೂರ್ತಿ ಬಲದಲ್ಲಿ ಸೆಕೆಂಡಿಗೆ ಸುಮಾರು 20 ಕೋಟಿ ದಶಮಾಂಶ ಲೆಕ್ಕ ಮಾಡುತ್ತಿತ್ತು. ನನ್ನ ಹಳೆಯ ಜಿಟಿಎಕ್ಸ್ 1060 ಸೆಕೆಂಡಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಮಾಡುತ್ತದೆ. ಈ ಎರಡನ್ನು ಹಾಗೆಯೇ ಹೋಲಿಸಿದರೆ ಮೋಸವಾಗುತ್ತದೆ, ಯಾಕೆಂದರೆ ಕ್ರೇ ಮಾಡುತ್ತಿದ್ದದ್ದು 64 ಬಿಟ್ಟಿನ ನಿಖರ ಲೆಕ್ಕ, ನನ್ನದು 32 ಬಿಟ್ಟಿನದು. 64 ಬಿಟ್ಟಿನಲ್ಲೇ ಅಳೆದರೂ ನನ್ನ ಕಾರ್ಡು ನೂರಾರು ಪಟ್ಟು ಮುಂದಿದೆ. ಎರಡು ದೇಶಗಳ ಸರ್ಕಾರಗಳು ವರ್ಷಗಟ್ಟಲೆ ಪತ್ರ ಬರೆದುಕೊಂಡ ಯಂತ್ರಕ್ಕಿಂತ ಬಲವಾದದ್ದು ಯಶವಂತಪುರದ ಬಾಡಿಗೆ ಮನೆಯಲ್ಲಿ ಧೂಳು ಹಿಡಿದು ಕೂತಿದೆ. ಅದನ್ನಿಟ್ಟುಕೊಂಡು ನಾನು ‘ಸಾಲದು’ ಎನ್ನುತ್ತಿದ್ದೆ.

ಇಷ್ಟು ಬಲ ಇಷ್ಟು ಅಗ್ಗಕ್ಕೆ ಸಿಗುವಂತಾದದ್ದು ಆಟದಿಂದ. ಆಟದ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಲೆಕ್ಕ ಹಾಕಬೇಕು. ಎಲ್ಲ ಚುಕ್ಕೆಗಳಿಗೂ ಒಂದೇ ಬಗೆಯ ಕೆಲಸ. ಅದಕ್ಕೆ ಬೇಕಾದದ್ದು ಸಾವಿರಾರು ಸಣ್ಣ ಲೆಕ್ಕಿಗರು. ನನ್ನ ಕಾರ್ಡಿನಲ್ಲಿ ಅಂಥವರು 1,280 ಇದ್ದಾರೆ, 5090ರಲ್ಲಿ 21,760. ಫ್ಲೋಸಾಲ್ವರಿನ ನಾಲ್ವರು ಇವರ ದೂರದ ನೆಂಟರು. 2006ರಲ್ಲಿ ಎನ್‌ವಿಡಿಯಾ ಕೂಡಾ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, ಆಟಕ್ಕೆಂದು ಮಾಡಿದ ಕಾರ್ಡನ್ನು ಬೇರೆ ಲೆಕ್ಕಗಳಿಗೂ ಬಳಸುವ ದಾರಿ ತೆರೆಯಿತು.

ಆ ದಾರಿಯಲ್ಲಿ ನಡೆದ ಅತಿ ಪ್ರಸಿದ್ಧ ಘಟನೆ 2012ರದು. ಟೊರೊಂಟೋದ ವಿದ್ಯಾರ್ಥಿ ಅಲೆಕ್ಸ್ ಕ್ರಿಝೆವ್‌ಸ್ಕಿ, ಸಹಪಾಠಿ ಇಲ್ಯಾ ಸುಟ್‌ಸ್ಕೆವರ್ ಮತ್ತು ಗುರು ಜೆಫ್ರಿ ಹಿಂಟನ್ ಜೊತೆ ಸೇರಿ, ಚಿತ್ರ ನೋಡಿ ವಸ್ತು ಗುರುತಿಸುವ ಒಂದು ಜಾಲವನ್ನು ತರಬೇತಿಗೊಳಿಸಿದ. ಅದಕ್ಕೆ ಬಳಸಿದ್ದು ಎರಡು ಜಿಟಿಎಕ್ಸ್ 580, ಅಂಗಡಿಯಲ್ಲಿ ಸಿಗುವ ಆಟದ ಕಾರ್ಡುಗಳು. ಅವುಗಳನ್ನು ಇಟ್ಟದ್ದು ಅಪ್ಪ ಅಮ್ಮನ ಮನೆಯ ತನ್ನ ಕೋಣೆಯಲ್ಲಿ. ಒಂದೊಂದರಲ್ಲಿ ಇದ್ದ ನೆನಪು 3 ಜಿಬಿ ಮಾತ್ರ, ಆದ್ದರಿಂದ ಜಾಲವನ್ನು ಎರಡು ಪಾಲು ಮಾಡಿ ಎರಡು ಕಾರ್ಡುಗಳಿಗೆ ಹಂಚಿದ. ತರಬೇತಿಗೆ ಐದಾರು ದಿನ ಹಿಡಿಯಿತು. ಇಂದಿನ ಕೃತಕ ಬುದ್ಧಿಮತ್ತೆಯ ಅಬ್ಬರವೆಲ್ಲ ಅಲ್ಲಿಂದ ಶುರುವಾಯಿತೆಂದು ಹೇಳುವವರಿದ್ದಾರೆ.

ಈ ಕಥೆಯನ್ನು ಮೊದಲು ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಕಾರ್ಡುಗಳು. ಎರಡನೆಯ ಸಲ ಓದಿದಾಗ ಬೇರೆ ಕಂಡಿತು. ಆ ಜಾಲ ಕಲಿತದ್ದು ಸುಮಾರು 12 ಲಕ್ಷ ಚಿತ್ರಗಳಿಂದ. ಫೀ-ಫೀ ಲೀ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ, ಜಗತ್ತಿನ ನಾನಾ ಕಡೆಯ ಸಾವಿರಾರು ಜನ ಒಂದೊಂದೇ ಚಿತ್ರ ನೋಡಿ ಇದು ನಾಯಿ, ಇದು ದೋಣಿ ಎಂದು ಹೆಸರು ಹಚ್ಚಿಟ್ಟಿದ್ದರು. ಕಾರ್ಡು ಐದಾರು ದಿನ ಓಡುವುದಕ್ಕೆ ಮೊದಲು ಮನುಷ್ಯರ ಕಣ್ಣು ವರ್ಷಗಟ್ಟಲೆ ಓಡಿತ್ತು.

ಅಂದು ರಾತ್ರಿ ನನ್ನ ಫೋಲ್ಡರು ತೆರೆದು ಎಣಿಸಿದೆ. ಮೂರು ಸಾವಿರ ಪುಟಗಳ ಫೋಟೋ ಇತ್ತು. ಆದರೆ ಸಾಲು ಸಾಲಾಗಿ ನೋಡಿ, ಸರಿಯಾಗಿ ಟೈಪ್ ಮಾಡಿ, ತಿದ್ದಿಟ್ಟಿದ್ದು 1,100 ಸಾಲುಗಳು ಮಾತ್ರ. ಅವುಗಳಲ್ಲಿ ‘ಷ’ ಎಷ್ಟು ಸಲ ಬಂದಿದೆ ಎಂದು ಹುಡುಕಿ ನೋಡಿದರೆ ಬೆರಳೆಣಿಕೆಗಿಂತ ತುಸು ಹೆಚ್ಚು. ಕಲಿಸದೆಯೇ ನಾನು ಯಂತ್ರದ ಮೇಲೆ ಸಿಟ್ಟಾಗುತ್ತಿದ್ದೆ. 5090 ತಂದಿದ್ದರೆ ರಾತ್ರಿಯಿಡೀ ಆಗುತ್ತಿದ್ದ ತಪ್ಪು ಕೆಲವು ನಿಮಿಷಗಳಲ್ಲಿ ಆಗುತ್ತಿತ್ತು. ಅದಕ್ಕೆ 575 ವಾಟ್ ವಿದ್ಯುತ್ತೂ ಬೇಕಾಗುತ್ತಿತ್ತು. ನನ್ನ 1060ಕ್ಕೆ 120 ಸಾಕು. ಹೊಸ ಪವರ್ ಸಪ್ಲೈ, ಹೊಸ ಯುಪಿಎಸ್ ಎಲ್ಲ ಲೆಕ್ಕಕ್ಕೆ ಸೇರುತ್ತಿದ್ದವು.

ನಮ್ಮ ಮಹಡಿಯ ಕೆಳಗೆ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುವ ಯಜಮಾನರಿದ್ದಾರೆ. ಅವರಿಗೆ ಇದನ್ನೆಲ್ಲ ಹೇಳಿದಾಗ ನಕ್ಕು, “ಸರಕು ಎರಡು ಮೂಟೆ ಇಟ್ಕೊಂಡು ಹತ್ತು ಚಕ್ರದ ಲಾರಿ ವಿಚಾರಿಸ್ತಿದ್ದೀರಲ್ಲ ಮೇಷ್ಟ್ರೇ” ಎಂದರು.

ಇಲ್ಲಿಗೆ ನಿಲ್ಲಿಸಿ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಗಾದೆ ಹೇಳಿಬಿಟ್ಟರೆ ಪ್ರಬಂಧ ಮುಗಿಯುತ್ತದೆ. ಆದರೆ ಇತಿಹಾಸ ಅಷ್ಟಕ್ಕೆ ಬಿಡುವುದಿಲ್ಲ. ಇಲ್ಲದಿರುವುದನ್ನೇ ಗುಣವೆಂದು ಹಾಡುವುದು ನಮ್ಮ ದೌರ್ಬಲ್ಯ. ಫ್ಲೋಸಾಲ್ವರ್ ಕಟ್ಟಿದವರು ಬಡತನವನ್ನು ಮೆಚ್ಚಿ ಕಟ್ಟಲಿಲ್ಲ, ಅವರಿಗೆ ದೊಡ್ಡ ಲೆಕ್ಕಗಳು ಬೇಕಿದ್ದವು. ವಿಜ್ಞಾನ ಸಂಸ್ಥೆಗೆ ಕೊನೆಗೂ ಒಂದು ಕ್ರೇ ಬಂತು, 2015ರಲ್ಲಿ. ಸಹಸ್ರಟಿ ಎಂದು ಹೆಸರಿಟ್ಟ ಅದು ಆಗ ದೇಶದಲ್ಲೇ ಅತಿ ವೇಗದ್ದು. 2022ರಲ್ಲಿ ಅಲ್ಲೇ ಪರಮ್ ಪ್ರವೇಗ ಬಂತು. ಅದರೊಳಗೂ ಎನ್‌ವಿಡಿಯಾ ಕಾರ್ಡುಗಳಿವೆ. 2025ರ ಜನವರಿಯಲ್ಲಿ, ಕೃತಕ ಬುದ್ಧಿಮತ್ತೆಯ ಚಿಪ್ಪುಗಳನ್ನು ಯಾವ ದೇಶಕ್ಕೆ ಎಷ್ಟು ಮಾರಬೇಕೆಂದು ಅಮೆರಿಕ ಒಂದು ನಿಯಮ ಹೊರಡಿಸಿದಾಗ, ಮಿತಿಯಿಲ್ಲದೆ ಪಡೆಯುವ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮೇ ತಿಂಗಳಲ್ಲಿ ಆ ನಿಯಮವನ್ನು ಕೈಬಿಟ್ಟರು. ನನ್ನಂಥವನ ಒಂದು ಕಾರ್ಡಿಗೆ ತಗಲುವ ನಿಯಮವಲ್ಲ ಅದು. ಆದರೂ ಕ್ರೇ ಕಾಲದ ಪ್ರಶ್ನೆ ಹಾಗೇ ಉಳಿದಿದೆ. ದೊಡ್ಡ ಯಂತ್ರ ಬೇಡವೆನ್ನುವುದು ಒಂದು, ಕೊಡುವುದಿಲ್ಲವೆಂದು ಹೇಳಿಸಿಕೊಳ್ಳುವುದು ಇನ್ನೊಂದು.

ಗಾದೆ ಹೇಳುವುದು ಹಾಸಿಗೆಯ ಅಳತೆಯನ್ನು. ಕಾಲು ಬೆಳೆದ ಮೇಲೆ ಹಾಸಿಗೆ ಹೊಲಿಸಬೇಡ ಎಂದು ಅದು ಹೇಳುವುದಿಲ್ಲ. ಹಾಗಾಗಿ ನಾನು ಮೊದಲು ಕಾಲು ಬೆಳೆಸಲು ಹೊರಟೆ. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳಿಗೆ ಸಾಲಿಗೆ ಇಷ್ಟೆಂದು ಸಂಭಾವನೆ ಕೊಟ್ಟು ಟೈಪ್ ಮಾಡಿಸಿದೆ. ಮೂವರೂ ಸೇರಿ ತಿದ್ದಿದೆವು. ಐದು ತಿಂಗಳಲ್ಲಿ ಆರು ಸಾವಿರ ಸಾಲು ಆದವು. ಹಳೆಯ ಕಾರ್ಡೇ ‘ಭಾಷೆ’ಯನ್ನು ‘ಭಾಷೆ’ ಎಂದು ಓದತೊಡಗಿತು. ಆ ವಿದ್ಯಾರ್ಥಿಗಳಲ್ಲಿ ಒಬ್ಬಳು ಈಗ ತಾನು ತಿದ್ದಿದ ಜಾಹೀರಾತುಗಳ ಮೇಲೇ ಒಂದು ಲೇಖನ ಬರೆಯುತ್ತಿದ್ದಾಳೆ. ಅದು ಯಾವ ಕಾರ್ಡಿನಿಂದಲೂ ಆಗುತ್ತಿರಲಿಲ್ಲ.

ಆಮೇಲೆ ಒಂದು ದಿನ, ಸ್ವಲ್ಪ ದೊಡ್ಡ ಮಾದರಿ ಪ್ರಯತ್ನಿಸಿದಾಗ, ನೆನಪು ಸಾಲದೆಂದು 1060 ನಿಂತುಹೋಯಿತು. ಅದರಲ್ಲಿರುವುದು 6 ಜಿಬಿ. ಬ್ಯಾಚು ಚಿಕ್ಕದು ಮಾಡಿದೆ, ಚಿತ್ರ ಕುಗ್ಗಿಸಿದೆ, ಒತ್ತಕ್ಷರಗಳು ಮಸುಕಾದವು. ಈಗ ಎಲ್ಲಿ ಸಾಲದಾಗಿದೆ ಎಂದು ನನಗೆ ಗೊತ್ತಿತ್ತು: ಬೇಕಾದದ್ದು ವೇಗ ಅಲ್ಲ, ಜಾಗ. ನಾಲ್ಕನೆಯ ಸಲ ಎಸ್.ಪಿ. ರಸ್ತೆಗೆ ಹೋಗಿ, 12 ಜಿಬಿಯ ಒಂದು ಆರ್‌ಟಿಎಕ್ಸ್ 3060 ತಂದೆ. 2021ರಲ್ಲಿ ಬಂದ ಮಾದರಿ, 170 ವಾಟ್, ಹಳೆಯ ಪವರ್ ಸಪ್ಲೈ ಸಾಕಾಯಿತು. ಮಗಳ ಹಣ ಮುಟ್ಟಬೇಕಾಗಲಿಲ್ಲ. ಅಂಗಡಿಯವನು ಹೊಸದನ್ನೇ ತೋರಿಸುತ್ತಿದ್ದ. “ಇದು ಯಾಕೆ ಸಾರ್, ಹಳೇದು” ಎಂದ.

ಮನೆಯಲ್ಲಿ ಹೆಂಡತಿ ಮತ್ತೆ ಅದೇ ಮಾತು ಕೇಳಿದಳು. ಈ ಸಲ ನನ್ನ ಬಳಿ ಉತ್ತರವಿತ್ತು. ಹಳೆಯದು ಕೆಟ್ಟಿಲ್ಲ, ಕೆಲಸ ದೊಡ್ಡದಾಗಿದೆ ಎಂದೆ. ಹಳೆಯ ಕಾರ್ಡನ್ನು ಆ ಲೇಖನ ಬರೆಯುತ್ತಿರುವ ಹುಡುಗಿಗೆ ಕೊಟ್ಟೆ. ಅವಳ ಬಳಿ ಈಗ ಸುಮಾರು ನಾನೂರು ಪುಟಗಳ ಫೋಟೋ ಇದೆ, ತಿದ್ದಿದ ಸಾಲುಗಳು ಇನ್ನೂ ಇಲ್ಲ.