ಗಂಡಾಂತರ ಗರ್ಭ: ಆರೋಗ್ಯ ಕಾರ್ಡಿನಲ್ಲಿ ತಜ್ಞ ವೈದ್ಯರನ್ನು ಹುಡುಕುವುದು ಹೇಗೆ?

ಗರ್ಭಿಣಿಯ ರಕ್ತದೊತ್ತಡ ಏರಿದೆ, ಅಥವಾ ಶಿಶುವಿನ ಬೆಳವಣಿಗೆ ಕುಂಠಿತವಾಗಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಸೂಚಿಸುತ್ತಾರೆ. ಆ ದೊಡ್ಡ ಆಸ್ಪತ್ರೆ ಯಾವುದು, ಅಲ್ಲಿ ಸರ್ಕಾರದ ಆರೋಗ್ಯ ಕಾರ್ಡ್ ನಡೆಯುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿಯೇ ಅಮೂಲ್ಯ ದಿನಗಳು ಕಳೆದುಹೋಗುವುದುಂಟು. ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭಾ ತೀರದ ಶಿವಯೋಗ ಮಂದಿರದ ಆಸುಪಾಸಿನ ಹಳ್ಳಿಯಿಂದ ಹೊರಡುವ ಕುಟುಂಬವೊಂದು ಯಾವ ದಾರಿ ಹಿಡಿಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಊರಿನ ಹೆಸರುಗಳನ್ನು ಬದಲಿಸಿಕೊಂಡರೆ ರಾಜ್ಯದ ಇತರ ಜಿಲ್ಲೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಯಾರಿಗೆ ಬೇಕು ಈ ತಜ್ಞರು?

ಎಲ್ಲ ಗರ್ಭಿಣಿಯರಿಗೂ ಭ್ರೂಣವೈದ್ಯ ತಜ್ಞರ ಅಗತ್ಯವಿಲ್ಲ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ತೀವ್ರ ರಕ್ತಹೀನತೆ, ಅವಳಿ ಶಿಶುಗಳು, ಹಿಂದೆ ಸಿಸೇರಿಯನ್ ಅಥವಾ ಗರ್ಭನಷ್ಟವಾಗಿರುವುದು, ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿರುವುದು - ಇಂತಹ ಸಂದರ್ಭಗಳನ್ನು ಗಂಡಾಂತರ ಗರ್ಭವೆಂದು ಗುರುತಿಸಲಾಗುತ್ತದೆ. ಇವುಗಳಲ್ಲಿ ಬಹುಪಾಲನ್ನು ಅನುಭವಿ ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ನವಜಾತ ಶಿಶು ಘಟಕ ಹಾಗೂ ರಕ್ತನಿಧಿ ಒಂದೆಡೆ ಇರುವ ಆಸ್ಪತ್ರೆಯಲ್ಲಿ ನಿಭಾಯಿಸಬಹುದು. ಶಿಶುವಿನ ಅಂಗರಚನೆಯಲ್ಲಿ ನ್ಯೂನತೆ ಕಂಡಾಗ, ಅವಳಿಗಳು ಒಂದೇ ಮಾಸನ್ನು ಹಂಚಿಕೊಂಡಾಗ, ಗರ್ಭದಲ್ಲಿರುವ ಶಿಶುವಿಗೇ ರಕ್ತ ಕೊಡಬೇಕಾದಾಗ ಭ್ರೂಣವೈದ್ಯ ತಜ್ಞರೇ ಬೇಕಾಗುತ್ತಾರೆ. ಇವರು ಪ್ರಸೂತಿಶಾಸ್ತ್ರದ ಸ್ನಾತಕೋತ್ತರ ಪದವಿಯ ಬಳಿಕ ಈ ವಿಷಯದಲ್ಲಿ ವಿಶೇಷ ತರಬೇತಿ ಪಡೆದವರು. ಹೆಚ್ಚಾಗಿ ದೊಡ್ಡ ನಗರಗಳಲ್ಲಿಯೇ ಇದ್ದಾರೆ.

ಕಾರ್ಡ್ ಏನನ್ನು ಭರಿಸುತ್ತದೆ?

ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ವಿಲೀನಗೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಅನುಷ್ಠಾನಗೊಳಿಸುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಲಭ್ಯ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸರ್ಕಾರ ಭರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಈ ಕಾರ್ಡ್ ಮೂಲತಃ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಾಗಿ ಇರುವಂಥದ್ದು. ಭ್ರೂಣವೈದ್ಯರ ಕೆಲಸದ ಬಹುಭಾಗವಾದರೋ ದಾಖಲಾತಿಯಿಲ್ಲದೆ ನಡೆಯುವ ಸ್ಕ್ಯಾನಿಂಗ್, ರಕ್ತಪರೀಕ್ಷೆ ಮತ್ತು ಸಲಹೆ. ಆದ್ದರಿಂದ ಖಾಸಗಿ ಆಸ್ಪತ್ರೆಯ ಹೆಸರು ಯೋಜನೆಯ ಪಟ್ಟಿಯಲ್ಲಿದ್ದರೂ ಹೊರರೋಗಿ ವಿಭಾಗದ ಬಿಲ್ಲನ್ನು ಕುಟುಂಬವೇ ಕಟ್ಟಬೇಕಾಗಿ ಬರಬಹುದು. ಜೊತೆಗೆ, ಸರಳವೆಂದು ವರ್ಗೀಕರಿಸಿದ ಚಿಕಿತ್ಸೆಗಳು ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲು.

ಈ ಕೊರತೆಯನ್ನು ತುಂಬುವುದು ಸರ್ಕಾರಿ ಆಸ್ಪತ್ರೆಗಳ ಮತ್ತೊಂದು ಸೌಲಭ್ಯ. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ, ಸಾಗಣೆ ಎಲ್ಲವೂ ಉಚಿತ. ಇದಕ್ಕೆ ಬಿಪಿಎಲ್, ಎಪಿಎಲ್ ಎಂಬ ಭೇದವಿಲ್ಲ. ಹೀಗಾಗಿ ತಪಾಸಣೆಗೆ ಸರ್ಕಾರಿ ಆಸ್ಪತ್ರೆ, ಅಲ್ಲಿ ಸಾಧ್ಯವಾಗದ ಚಿಕಿತ್ಸೆಗೆ ದಾಖಲಾಗುವಾಗ ಕಾರ್ಡ್ - ಈ ಎರಡನ್ನೂ ಜೋಡಿಸಿಕೊಳ್ಳುವುದೇ ಖರ್ಚು ತಪ್ಪಿಸುವ ದಾರಿ.

ಮೊದಲ ಮೆಟ್ಟಿಲು

ಶಿವಯೋಗ ಮಂದಿರದ ಕಡೆಯವರು ಬಾದಾಮಿಯ ತಾಲ್ಲೂಕು ಆಸ್ಪತ್ರೆಯಿಂದ, ಹುನಗುಂದ ಮತ್ತು ಇಳಕಲ್ ಭಾಗದವರು ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯಿಂದ ಆರಂಭಿಸುವುದು ಸೂಕ್ತ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ನಾಲ್ಕನೇ ತಿಂಗಳಿನಿಂದ ಮೇಲ್ಪಟ್ಟ ಗರ್ಭಿಣಿಯರಿಗೆ ಉಚಿತ ತಪಾಸಣೆ ಏರ್ಪಡಿಸಲಾಗುತ್ತದೆ. ಗಂಡಾಂತರವಿದ್ದರೆ ತಾಯಿ ಕಾರ್ಡಿಗೆ ಕೆಂಪು ಗುರುತಿನ ಚೀಟಿ ಅಂಟಿಸಲಾಗುತ್ತದೆ. ಅಂತಹವರನ್ನು ಮರುತಪಾಸಣೆಗೆ ಕರೆತರುವ ಹೊಣೆಯನ್ನು 2022ರಿಂದ ಆಶಾ ಕಾರ್ಯಕರ್ತೆಯರಿಗೆ ವಹಿಸಲಾಗಿದೆ.

ಶಿಫಾರಸು ಪತ್ರ ಮರೆಯಬೇಡಿ

ತುರ್ತು ಅಲ್ಲದ ಚಿಕಿತ್ಸೆಗೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ ಸೇರಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕಡ್ಡಾಯ. ಅಗತ್ಯ ಚಿಕಿತ್ಸೆ ತಮ್ಮಲ್ಲಿ ಲಭ್ಯವಿಲ್ಲದಿದ್ದಾಗ ವೈದ್ಯರು ಈ ಪತ್ರ ನೀಡುತ್ತಾರೆ. ಪತ್ರವಿಲ್ಲದೆ ನೇರವಾಗಿ ದಾಖಲಾದವರು ಕಾರ್ಡ್ ಇದ್ದೂ ಹಣ ಕಟ್ಟಬೇಕಾದ ಸ್ಥಿತಿಗೆ ಬರುತ್ತಾರೆ. ಯೋಜನೆಯಲ್ಲಿ ಗುರುತಿಸಲಾದ ತುರ್ತು ಚಿಕಿತ್ಸೆಗಳಿಗೆ ಮಾತ್ರ ಶಿಫಾರಸಿನ ಅಗತ್ಯವಿಲ್ಲ. ತೀವ್ರ ರಕ್ತಸ್ರಾವ ಅಥವಾ ಫಿಟ್ಸ್ ಕಾಣಿಸಿಕೊಂಡರೆ ಪತ್ರಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು.

ಮುಂದಿನ ಹಂತ ಬಾಗಲಕೋಟೆ. ನವನಗರದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇದೆ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಹಾಗೂ ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇಲ್ಲಿಯೇ ಇವೆ. 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ ಕುಮಾರ ಸ್ವಾಮಿಗಳ ಹೆಸರನ್ನೇ ಈ ಆಸ್ಪತ್ರೆಗೆ ಇಡಲಾಗಿದೆ. ಅಲ್ಲಿಂದಾಚೆಗೆ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ, ಬೆಳಗಾವಿಯ ಬಿಮ್ಸ್, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಸರ್ಕಾರಿ ವಲಯದ ದೊಡ್ಡ ಕೇಂದ್ರಗಳು.

ವಾರಗಳ ಲೆಕ್ಕ

ಈ ಹುಡುಕಾಟದಲ್ಲಿ ಹಣದಷ್ಟೇ ಮುಖ್ಯವಾದುದು ಕಾಲ. ಮೊದಲ ಪ್ರಮುಖ ಸ್ಕ್ಯಾನಿಂಗ್ 11ರಿಂದ 14ನೇ ವಾರದೊಳಗೆ, ಅಂಗರಚನೆಯ ಸ್ಕ್ಯಾನಿಂಗ್ 18ರಿಂದ 20ನೇ ವಾರದ ಸುಮಾರಿಗೆ ಆಗಬೇಕು. ಗಂಭೀರ ನ್ಯೂನತೆ ತಡವಾಗಿ ಪತ್ತೆಯಾದರೆ ಕುಟುಂಬದ ಮುಂದಿರುವ ಆಯ್ಕೆಗಳು ಕಿರಿದಾಗುತ್ತವೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, ಇಂತಹ ಸಂದರ್ಭದಲ್ಲಿ 24 ವಾರ ಮೀರಿದ ಗರ್ಭಕ್ಕೆ ವೈದ್ಯಕೀಯ ಮಂಡಳಿಯ ತೀರ್ಮಾನ ಅಗತ್ಯ. 20ನೇ ವಾರದಲ್ಲಿ ಸಂಶಯ ಮೂಡಿದರೆ ತಜ್ಞರ ಭೇಟಿಯನ್ನು ಮುಂದಿನ ತಿಂಗಳಿಗೆ ತಳ್ಳುವಂತಿಲ್ಲ. ಯಾವುದೇ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಲಿಂಗ ಕೇಳುವುದೂ ತಿಳಿಸುವುದೂ 1994ರ ಕಾಯ್ದೆಯಡಿ ಅಪರಾಧ.

ದಾಖಲಾಗುವ ಮುನ್ನ ಕೇಳಬೇಕಾದ್ದು

ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರು ಇರುತ್ತಾರೆ. ದಾಖಲಾತಿಗೆ ಮೊದಲು ಅವರನ್ನು ಕಂಡು ಈ ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು:

* ಆಸ್ಪತ್ರೆ ಪಟ್ಟಿಯಲ್ಲಿದ್ದರೆ ಸಾಲದು. ಪ್ರಸೂತಿ ವಿಭಾಗವೂ ನವಜಾತ ಶಿಶು ವಿಭಾಗವೂ ಯೋಜನೆಗೆ ಒಳಪಟ್ಟಿವೆಯೇ?
* ವೈದ್ಯರು ಸೂಚಿಸಿದ ಚಿಕಿತ್ಸೆಗೆ ಶಿಫಾರಸು ಪತ್ರ ಬೇಕೇ? ಟ್ರಸ್ಟ್‌ನ ಪೂರ್ವಾನುಮತಿ ದೊರೆತಿದೆಯೇ?
* ಅವಧಿಗೆ ಮುನ್ನ ಮಗು ಜನಿಸಿದರೆ ಅದರ ಚಿಕಿತ್ಸೆಗೆ ತಾಯಿಯ ಕಾರ್ಡ್ ಅನ್ವಯಿಸುತ್ತದೆಯೇ? ಯಾವ ದಾಖಲೆ ಬೇಕು?
* ಸ್ಕ್ಯಾನಿಂಗ್, ರಕ್ತ, ಔಷಧಗಳಲ್ಲಿ ಯಾವುದಕ್ಕೆ ಪ್ರತ್ಯೇಕ ಹಣ ಕೊಡಬೇಕು?

ಆಧಾರ್, ಪಡಿತರ ಚೀಟಿ, ತಾಯಿ ಕಾರ್ಡ್ ಹಾಗೂ ಹಿಂದಿನ ಎಲ್ಲ ವರದಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡಿರಬೇಕು. ಆಸ್ಪತ್ರೆಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ, ಹೊರಡುವ ಮುನ್ನ ಆರೋಗ್ಯ ಸಹಾಯವಾಣಿ 104 ಅಥವಾ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ವಿಚಾರಿಸುವುದು ಒಳಿತು. ಇ.ಎಸ್.ಐ. ಸೌಲಭ್ಯವುಳ್ಳ ಕಾರ್ಮಿಕ ಕುಟುಂಬಗಳು ಮೊದಲು ತಮ್ಮ ಚಿಕಿತ್ಸಾಲಯದಿಂದಲೇ ಶಿಫಾರಸು ಪಡೆಯಬೇಕಾಗುತ್ತದೆ. ಬಾದಾಮಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್ ದಾರಿ. ಗಂಡಾಂತರವಿದೆ ಎಂದು ತಿಳಿದ ದಿನವೇ ಹೆರಿಗೆ ಎಲ್ಲಿ ಎಂಬುದನ್ನು ನಿರ್ಧರಿಸಿಕೊಂಡ ಕುಟುಂಬಕ್ಕೆ, ನೋವು ಕಾಣಿಸಿಕೊಂಡ ರಾತ್ರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಪಾಡು ತಪ್ಪುತ್ತದೆ.