ಮಣ್ಣಿನ ತೇವಾಂಶಕ್ಕೆ ತಕ್ಕಂತೆ ಪಂಪ್‌ಸೆಟ್ ನಿಯಂತ್ರಣ: ಆಪ್-ಆಂಪ್ ಕಂಪ್ಯಾರೇಟರ್ ಬಳಸುವ ವಿಧಾನ

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿ ಹಾಗೂ ನೆರೆಯ ಮಧುಗಿರಿ, ಪಾವಗಡ, ಕೊರಟಗೆರೆ ತಾಲ್ಲೂಕುಗಳಲ್ಲಿ ನೀರಾವರಿಯೆಂದರೆ ಬಹುಪಾಲು ಕೊಳವೆಬಾವಿಯೇ. ಮೂರು ಫೇಸ್ ವಿದ್ಯುತ್ ದಿನಕ್ಕೆ ಕೆಲವೇ ಗಂಟೆ, ಅದೂ ಅನೇಕ ವೇಳೆ ರಾತ್ರಿ ಪಾಳಿಯಲ್ಲಿ ದೊರೆಯುವುದರಿಂದ ರೈತರು ಸ್ಟಾರ್ಟರಿಗೆ ಆಟೋ ಸ್ವಿಚ್ ಅಳವಡಿಸಿ ಮಲಗುತ್ತಾರೆ. ವಿದ್ಯುತ್ ಬಂದೊಡನೆ ಮೋಟಾರು ತಾನಾಗಿ ಚಾಲನೆಗೊಳ್ಳುತ್ತದೆ. ಹೊಲಕ್ಕೆ ಇಂದು ನೀರು ಬೇಕೇ ಎಂದು ಕೇಳುವವರಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾದ ಕಾರಣ ಬಿಲ್ಲು ನೋಡಿ ಎಚ್ಚೆತ್ತುಕೊಳ್ಳುವ ಸಂದರ್ಭವೂ ಇಲ್ಲ. ಆ ಪ್ರಶ್ನೆಯನ್ನು ಕೇಳುವ ಕೆಲಸವನ್ನು ಅಲ್ಪ ಬೆಲೆಯ ಒಂದು ಎಲೆಕ್ಟ್ರಾನಿಕ್ ಬಿಡಿಭಾಗಕ್ಕೆ ವಹಿಸಬಹುದು.

ಆಪರೇಷನಲ್ ಆಂಪ್ಲಿಫೈಯರ್, ಅಂದರೆ ಆಪ್-ಆಂಪ್, ತನ್ನ ಎರಡು ಒಳಬದಿಗಳ ವೋಲ್ಟೇಜ್ ವ್ಯತ್ಯಾಸವನ್ನು ಸಾವಿರಾರು ಪಟ್ಟು ಹಿಗ್ಗಿಸುತ್ತದೆ. ಹೊರಬದಿಯಿಂದ ಮರುಜೋಡಣೆ ಇಲ್ಲದಿದ್ದಾಗ ಧನ ಒಳಬದಿಯ ವೋಲ್ಟೇಜ್ ತುಸು ಹೆಚ್ಚಾದರೂ ಹೊರಬದಿ ಗರಿಷ್ಠಕ್ಕೆ ಏರುತ್ತದೆ, ತುಸು ಕಡಿಮೆಯಾದರೂ ಕನಿಷ್ಠಕ್ಕೆ ಇಳಿಯುತ್ತದೆ. ನಡುವಿನ ಉತ್ತರವಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಣ್ಣು, ಇನ್ನೊಂದರಲ್ಲಿ ತಾವು ನಿಗದಿಪಡಿಸಿದ ಮಿತಿ ಎಂದು ಭಾವಿಸಬಹುದು.

ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯು ರೂಪಿಸಿದ ತೇವಾಂಶ ಸೂಚಕವನ್ನು ಕೆಲವರು ನೋಡಿರಬಹುದು. ಮಣ್ಣಿಗೆ ಊರಿದ ಎರಡು ಕಂಬಿಗಳ ನಡುವಿನ ವಿದ್ಯುತ್ ರೋಧವನ್ನು ಗ್ರಹಿಸಿ ಅದು ನೀಲಿ, ಹಸಿರು, ಕಿತ್ತಳೆ ಅಥವಾ ಕೆಂಪು ದೀಪ ಬೆಳಗುತ್ತದೆ. ಇಲ್ಲಿ ನಮಗೆ ಬೇಕಾದುದು ಒಂದೇ ಮಿತಿ: ನೀರು ಬೇಕು ಅಥವಾ ಬೇಡ.

ಜೋಡಣೆ

ಎಲ್‌ಎಂ-358 ಚಿಪ್ಪಿನಲ್ಲಿ ಎರಡು ಆಪ್-ಆಂಪ್‌ಗಳಿವೆ. ಎರಡೂ ಉಪಯೋಗಕ್ಕೆ ಬರುತ್ತವೆ. 12 ವೋಲ್ಟ್ ಡಿಸಿಯಿಂದ 10 ಕಿಲೋಓಮ್ ರೋಧಕವೊಂದನ್ನು ಸಂವೇದಕಕ್ಕೆ ಸರಣಿಯಲ್ಲಿ ಜೋಡಿಸಿ, ಸಂವೇದಕದ ಇನ್ನೊಂದು ತುದಿಯನ್ನು ಋಣ ತಂತಿಗೆ ಕೊಡಬೇಕು. ಮಣ್ಣು ಒಣಗಿದಂತೆ ಸಂವೇದಕದ ರೋಧ ಹೆಚ್ಚಿ, ನಡುಬಿಂದುವಿನ ವೋಲ್ಟೇಜ್ ಏರುತ್ತದೆ. ಈ ವೋಲ್ಟೇಜನ್ನು ಮೊದಲ ಆಪ್-ಆಂಪ್ ಬದಲಿಸದೆ ದಾಟಿಸುತ್ತದೆ, ಎರಡನೆಯದು ಹೋಲಿಸುತ್ತದೆ. ಹೋಲಿಕೆಯ ಮಿತಿಯನ್ನು ಅದೇ 12 ವೋಲ್ಟ್ ತಂತಿಯಿಂದ 10 ಕಿಲೋಓಮ್ ಪೊಟೆನ್ಷಿಯೋಮೀಟರ್ ಮೂಲಕವೇ ಪಡೆಯತಕ್ಕದ್ದು. ಆಗ ವೋಲ್ಟೇಜ್ ಏರಿಳಿದರೂ ಎರಡು ತಟ್ಟೆಗಳೂ ಒಟ್ಟಿಗೆ ಏರಿಳಿಯುವುದರಿಂದ ತೀರ್ಮಾನ ಹೆಚ್ಚು ಕೆಡುವುದಿಲ್ಲ. ನಮ್ಮ ಹಳ್ಳಿಗಳ ಲೈನಿನಲ್ಲಿ ಇದು ಸಣ್ಣ ಮಾತಲ್ಲ.

ಹಳೆಯ 741 ಚಿಪ್ಪನ್ನು ಈ ಕೆಲಸಕ್ಕೆ ಬಳಸದಿರುವುದು ಒಳಿತು. ಒಂದೇ ಸರಬರಾಜಿನಲ್ಲಿ ಅದರ ಹೊರಬದಿ ಸೊನ್ನೆಯ ಹತ್ತಿರಕ್ಕೆ ಇಳಿಯದೆ ರಿಲೇ ಬಿಡದೇ ಉಳಿಯಬಹುದು.

ಟಕಟಕ ಸದ್ದು ಬಂದರೆ

ಮೊದಲ ಬಾರಿ ಜೋಡಿಸುವವರು ಬಹುತೇಕ ಎಡವುವುದು ಇಲ್ಲಿಯೇ. ತೇವಾಂಶವು ಮಿತಿಯ ಸನಿಹದಲ್ಲಿರುವಾಗ ತಂತಿಗೆ ತಗಲುವ ಅಲ್ಪ ವಿದ್ಯುತ್ ಗದ್ದಲವೂ ಹೊರಬದಿಯನ್ನು ಮೇಲೆ ಕೆಳಗೆ ಎಳೆದಾಡುತ್ತದೆ. ರಿಲೇ ಟಕಟಕನೆ ಬಡಿದುಕೊಂಡು, ಸಬ್‌ಮರ್ಸಿಬಲ್ ಮೋಟಾರು ಮತ್ತೆ ಮತ್ತೆ ಚಾಲೂ ಆಗಿ ಸುರುಳಿ ಸುಟ್ಟುಹೋಗುವ ಅಪಾಯವಿದೆ. ನೀರು ಉಳಿಸಲು ಹೋಗಿ ಮೋಟಾರು ಕಳೆದುಕೊಂಡಂತಾಗುತ್ತದೆ.

ಇದಕ್ಕೆ ಪರಿಹಾರ ಎರಡು ರೋಧಕಗಳು. ಮೊದಲ ಆಪ್-ಆಂಪ್‌ನಿಂದ ಎರಡನೆಯದರ ಧನ ಒಳಬದಿಗೆ 10 ಕಿಲೋಓಮ್, ಹೊರಬದಿಯಿಂದ ಅದೇ ಧನ ಒಳಬದಿಗೆ 100 ಕಿಲೋಓಮ್ ಜೋಡಿಸಿರಿ. 12 ವೋಲ್ಟಿನಲ್ಲಿ ಎಲ್‌ಎಂ-358ರ ಹೊರಬದಿ ಸುಮಾರು 10.5 ವೋಲ್ಟಿನವರೆಗೆ ಏರುತ್ತದೆ. ಮಿತಿಯನ್ನು 6 ವೋಲ್ಟಿಗೆ ಇರಿಸಿದರೆ, ಮಣ್ಣು ಒಣಗಿ 6.6 ವೋಲ್ಟ್ ತಲುಪಿದಾಗ ಪಂಪಿಗೆ ಅನುಮತಿ ದೊರೆಯುತ್ತದೆ. ನೆನೆದು ಸುಮಾರು 5.55ಕ್ಕೆ ಇಳಿದಾಗ ಮಾತ್ರ ಅದು ನಿಲ್ಲುತ್ತದೆ. ನಡುವಿನ ಸುಮಾರು ಒಂದು ವೋಲ್ಟಿನ ಅಂತರವೇ ಮೋಟಾರಿಗೆ ರಕ್ಷಣೆ.

ಮಿತಿ ನಿಗದಿ

ಮಿತಿಯನ್ನು ಸರ್ಕ್ಯೂಟ್ ಹೇಳುವುದಿಲ್ಲ, ಹೊಲವೇ ಹೇಳಬೇಕು. ಚೆನ್ನಾಗಿ ನೀರು ಹಾಯಿಸಿ ಒಂದೆರಡು ದಿನ ಬಿಟ್ಟು ವೋಲ್ಟೇಜ್ ಬರೆದಿಟ್ಟುಕೊಳ್ಳಿರಿ. ನಂತರ ದಿನವೂ ಅಳೆಯುತ್ತ, ಶೇಂಗಾ ಬೆಳೆಯಲ್ಲಾದರೆ 15–20 ಸೆಂ.ಮೀ. ಆಳದ ಮಣ್ಣನ್ನು ಹಿಡಿದು ನೋಡಿರಿ. ಹಿಡಿಯಲ್ಲಿ ಉಂಡೆ ಕಟ್ಟದೆ ಉದುರತೊಡಗುವ ದಿನದ ವೋಲ್ಟೇಜಿಗಿಂತ ತುಸು ಕೆಳಗೆ ಪಂಪು ಚಾಲೂ ಆಗುವಂತೆ ಪೊಟೆನ್ಷಿಯೋಮೀಟರನ್ನು ತಿರುಗಿಸಿರಿ. ಹೂ ಬಿಡುವ, ಊಡು ಇಳಿಯುವ ಮತ್ತು ಕಾಯಿ ತುಂಬುವ ಹಂತಗಳಲ್ಲಿ ಮಿತಿಯನ್ನು ಇನ್ನಷ್ಟು ತೇವದ ಕಡೆಗೆ ಇಡುವುದು ಸೂಕ್ತ.

ಬರಿಯ ಕಂಬಿಗಳನ್ನು ಸಂವೇದಕವಾಗಿ ನೆಡಬೇಡಿ. ಡಿಸಿ ಪ್ರವಾಹದಿಂದ ಅವು ಕೊರೆದುಹೋಗುತ್ತವೆ. ಉಪ್ಪಿನಂಶದ ಕೊಳವೆಬಾವಿ ನೀರು ರೋಧವನ್ನು ತಗ್ಗಿಸಿ ಒಣಮಣ್ಣನ್ನೂ ಹಸಿಯೆಂದು ತೋರಿಸುತ್ತದೆ. ಜಿಪ್ಸಮ್ ಬಿಲ್ಲೆ ಇದಕ್ಕಿಂತ ಮೇಲು. ಆದರೆ ಅದು ಕಪ್ಪು ಮಣ್ಣಿಗೆ ಒಗ್ಗಿದಷ್ಟು ಈ ಭಾಗದ ಮರಳುಮಿಶ್ರಿತ ಕೆಂಪು ಮಣ್ಣಿಗೆ ಒಗ್ಗದು. ಇಲ್ಲಿ ಹರಳು ತುಂಬಿದ ಸಂವೇದಕಗಳು ಹೆಚ್ಚು ಹೊಂದುತ್ತವೆ. ಸರ್ಕ್ಯೂಟಿಗೆ ಪಂಪಿನ ಲೈನಿನಿಂದಲೇ ವಿದ್ಯುತ್ ಕೊಟ್ಟರೆ ಸಂವೇದಕದಲ್ಲಿ ದಿನವಿಡೀ ಪ್ರವಾಹ ಹರಿಯುವುದೂ ತಪ್ಪುತ್ತದೆ.

ಎಚ್ಚರಿಕೆ

ಚಿಪ್ಪು ನೇರವಾಗಿ ರಿಲೇ ಎಳೆಯಲಾರದು. ಬಿಸಿ-547 ಟ್ರಾನ್ಸಿಸ್ಟರ್ ಮತ್ತು ರಿಲೇ ಸುರುಳಿಗೆ ಅಡ್ಡವಾಗಿ 1ಎನ್-4007 ಡಯೋಡ್ ಇರಲೇಬೇಕು. ರಿಲೇಯ ಸಂಪರ್ಕವನ್ನು ಸ್ಟಾರ್ಟರಿನ ಸುರುಳಿಗೆ ಸರಣಿಯಲ್ಲಿ ಮಾತ್ರ ಜೋಡಿಸಬೇಕು, ಮೋಟಾರಿನ ಪ್ರವಾಹ ಅದರ ಮೂಲಕ ಹಾಯಬಾರದು. ಈ ಭಾಗವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಅವರಿಂದಲೇ ಮಾಡಿಸತಕ್ಕದ್ದು.

ಇನ್ನೊಂದು ವಿಷಯವನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ರೈತರಿಗೂ ತಿಳಿಸಬೇಕು. ಇಲಿ ಕಡಿದೋ ಗುದ್ದಲಿ ತಗಲಿಯೋ ಸಂವೇದಕದ ತಂತಿ ತುಂಡಾದರೆ, ಸರ್ಕ್ಯೂಟ್ ಅದನ್ನು ಪೂರ್ಣ ಒಣಮಣ್ಣೆಂದೇ ತಿಳಿದು ಪಂಪನ್ನು ನಿಲ್ಲಿಸದೆ ಓಡಿಸುತ್ತದೆ. ಆದ್ದರಿಂದ ಗರಿಷ್ಠ ಅವಧಿ ನಿಗದಿಪಡಿಸುವ ಟೈಮರ್ ಹಾಗೂ ಬಾವಿ ಬತ್ತಿದಾಗ ಮೋಟಾರು ನಿಲ್ಲಿಸುವ ಡ್ರೈ-ರನ್ ರಕ್ಷಕ ಎರಡೂ ಇದರೊಂದಿಗೆ ಇರಬೇಕು. ತಿಂಗಳಿಗೊಮ್ಮೆ ಸಂವೇದಕದ ಒಂದು ತಂತಿಯನ್ನು ಬಿಚ್ಚಿ, ಟೈಮರ್ ಹೇಳಿದ ಹೊತ್ತಿಗೆ ಪಂಪು ನಿಲ್ಲುವುದೇ ಎಂದು ಪರೀಕ್ಷಿಸಿರಿ.