ಕಾಗದ ಬಂತು, ಕದ ದಾಟಲಿಲ್ಲ

ರಾಮನಗರವೆಂದೊಡನೆ ನಮ್ಮವರಿಗೆ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಕಾಶಿಯ ಎದುರಿಗೆ, ಗಂಗೆಯ ಆಚೆ ದಡದಲ್ಲಿರುವ ರಾಮನಗರದ ಮಾತು. 18ನೆಯ ಶತಮಾನದಲ್ಲಿ ರಾಜಾ ಬಲವಂತ ಸಿಂಹ ಕಟ್ಟಿಸಿದ ಕೋಟೆಯಿಂದಲೂ ರಾಮಲೀಲೆಯಿಂದಲೂ ಹೆಸರಾದ ಊರು. ಉದ್ಯೋಗನಿಮಿತ್ತ 2001ರಲ್ಲಿ ನಾನು ಅಲ್ಲಿದ್ದೆ. ಆಗ ಅಲ್ಲಿ ನದಿ ದಾಟಲು ಪೀಪಾಯಿಗಳ ಮೇಲೆ ಹಾಸಿದ ಸೇತುವೆ. ಮಳೆಗಾಲಕ್ಕೆ ಅದನ್ನೂ ಬಿಚ್ಚಿಡುತ್ತಿದ್ದರು. ಭಾರಿ ಸಾಮಾನಿಗೆ ರಾಜಘಾಟದ ಮಾಳವೀಯ ಸೇತುವೆಯ ಸುತ್ತುದಾರಿಯೇ ಗತಿ. ನನ್ನ ಬಾಡಿಗೆ ಮನೆಯ ಟೆಲಿಫೋನ್ ತಂತಿಗೆ ಅಂತಹ ಸುತ್ತುದಾರಿಯೂ ಇರಲಿಲ್ಲ.

ಊರಿನಿಂದ ಅಣ್ಣ ಮೊದಲು ‘ಬರಹ’ದಲ್ಲಿ ಬೆರಳಚ್ಚು ಮಾಡಿದ ಕಾಗದ ಕಳಿಸಿದ. 1998ರಲ್ಲಿ ಬಂದ ಆ ತಂತ್ರಾಂಶ ಪರಊರಿನ ಕನ್ನಡಿಗರಿಗೆ ದೊಡ್ಡ ಉಪಕಾರವನ್ನೇ ಮಾಡಿತ್ತು. ಆದರೆ ಓದುವವನ ಯಂತ್ರದಲ್ಲೂ ಅದೇ ಅಕ್ಷರಗಳು ಇರಬೇಕು. ಇಲ್ಲದಿದ್ದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ನನಗೆ ಕಂಡದ್ದು ಗೋಜಲೇ. ಆಗ ಅಣ್ಣ, ಅಮ್ಮ ಕೈಯಾರೆ ಬರೆದ ಒಂದು ಪುಟವನ್ನೇ ಚಿತ್ರ ತೆಗೆಸಿ ಕಳಿಸಿದ. ಒಂದೂವರೆ ಮೆಗಾಬೈಟಿನ ಗಂಟು!

ಈ ಗಂಟಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮಿಂಚಂಚೆಯ ನಿಯಮಗಳು 1982ರಲ್ಲಿ ರೂಪುಗೊಂಡಾಗ ಅವು ಬರಿಯ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದವು. ಚಿತ್ರ, ಧ್ವನಿಗಳನ್ನು ಲಗತ್ತಿಸುವ ‘ಮೈಮ್’ ಪದ್ಧತಿಯನ್ನು ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ತಂದರು. ಹಳೆಯ ದಾರಿಯಲ್ಲೇ ಹೋಗಬೇಕಾದ್ದರಿಂದ ಚಿತ್ರದ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳ ವೇಷ ಹಾಕಿಸಿ ಕಳಿಸುತ್ತಾರೆ. ಹಾಗಾಗಿ ಅಮ್ಮನ ಒಂದೂವರೆ ಮೆಗಾಬೈಟು ದಾರಿಯಲ್ಲಿ ಎರಡಾಯಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಆರು ವರ್ಷದ ಮೇಲೂ ನನ್ನ ತಂತಿಯಲ್ಲಿ ಸೆಕೆಂಡಿಗೆ 9,600 ಬಿಟ್ ಬಂದರೆ ಪುಣ್ಯ. ಎರಡು ಮೆಗಾಬೈಟಿಗೆ ಸುಮಾರು 28 ನಿಮಿಷ. ಇಪ್ಪತ್ತನೆಯ ನಿಮಿಷಕ್ಕೆ ತಂತಿ ಕಡಿಯುತ್ತಿತ್ತು, ಮತ್ತೆ ಮೊದಲಿನಿಂದ.

ಇದಕ್ಕಿಂತ ಕೇಡಿನದು ಇನ್ನೊಂದಿತ್ತು. ನನ್ನ ಯಂತ್ರ ಪತ್ರಗಳನ್ನು ಒಂದರ ಹಿಂದೊಂದರಂತೆ ಇಳಿಸುತ್ತಿತ್ತು. ಮುಂದಿನ ಗಾಡಿ ಹೂತರೆ ಹಿಂದಿನವೆಲ್ಲ ನಿಂತಂತೆ. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ ಗೊತ್ತಾಗಿದೆ, ಬೇಗ ಹೊರಟು ಬಾ ಎಂದು ಅಣ್ಣ ಬರೆದಿದ್ದ ನಾಲ್ಕು ಸಾಲಿನ ಪತ್ರ ಆ ಗಂಟಿನ ಹಿಂದೆ ಒಂದು ವಾರ ನಿಂತಿತ್ತು.

ಕಾಶಿಯ ವಿದ್ಯಾರ್ಥಿಯೊಬ್ಬ ಉಪಾಯ ತೋರಿಸಿಕೊಟ್ಟ. ಸರ್ವರಿಗೆ ನೇರವಾಗಿ ಕೈಯಿಂದಲೇ ಆಜ್ಞೆ ಬರೆದು ಪತ್ರಗಳ ಪಟ್ಟಿ ತರಿಸುವುದು, ಗಾತ್ರ ನೋಡುವುದು, ಭಾರದ್ದನ್ನು ಅಳಿಸುವುದು. ಅಮ್ಮ ಬರೆದ ಕಾಗದವನ್ನು ನಾನು ಓದದೆಯೇ ಅಳಿಸಿದೆ. ಆಮೇಲೆ ಅಣ್ಣನ ಪತ್ರ ಇಳಿಯಿತು. ರೈಲು ಹಿಡಿದು ನಾನು ಊರು ಮುಟ್ಟುವ ಹೊತ್ತಿಗೆ ಅಮ್ಮ ಪಟ್ಟಿ ಬಿಚ್ಚಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದರು. “ಕಾಗದ ಬಂತೇನೋ?” ಎಂದರು. ಬಂತು ಎಂದೆ.

ಬಳಿಕ ನಾವು ಬುದ್ಧಿ ಕಲಿತೆವು. ಅಣ್ಣ ಬಣ್ಣ ತೆಗೆಸಿ ಬರಿಯ ಕಪ್ಪು-ಬಿಳುಪಿನಲ್ಲಿ ಪುಟದ ಚಿತ್ರ ಮಾಡಿಸಿದ. ಎಪ್ಪತ್ತು ಕಿಲೋಬೈಟಿಗೆ ಇಳಿಯಿತು, ಎರಡು ನಿಮಿಷದೊಳಗೆ ಬಂತು. ದೊಡ್ಡದನ್ನು ತುಂಡು ಮಾಡಿ ಕಳಿಸುವುದೂ ಉಂಟು, ಆದರೆ ಒಂದು ತುಂಡು ತಪ್ಪಿದರೆ ಎಲ್ಲವೂ ದಂಡ. ಬೇಕಾದ ಭಾಗವನ್ನಷ್ಟೇ ತರಿಸಿಕೊಳ್ಳುವ ‘ಐಮ್ಯಾಪ್’ ಪದ್ಧತಿ 1986ರಿಂದಲೇ ಇತ್ತಂತೆ. ನಮ್ಮಂಥವರಿಗೆ ಅದು ತಲುಪಿದ್ದು ತಡವಾಗಿ.

ನಿಜವಾದ ಪರಿಹಾರ ಲಿಪಿಯಿಂದಲೇ ಬಂತೆಂದು ನನ್ನ ಅಭಿಪ್ರಾಯ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಮನೆಯ ಗಣಕಗಳಲ್ಲಿ ಅದು ಕಾಣತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಅಕ್ಷರವಾಗಿಯೇ ಹೋಗುವ ಕನ್ನಡದ ಒಂದು ಪುಟ ಐದಾರು ಕಿಲೋಬೈಟು. ನನ್ನ ಹಳೆಯ ತಂತಿಯಲ್ಲೂ ಏಳೆಂಟು ಸೆಕೆಂಡಿನ ಕೆಲಸ. ಅಮ್ಮನ ಕೈಬರಹ ಮಾತ್ರ ಅದರಲ್ಲಿ ಬರುವುದಿಲ್ಲ.

ರಾಮನಗರದಲ್ಲಿ ಈಗ ಸ್ಥಿರವಾದ ಸೇತುವೆಯಿದೆ. ಅಣ್ಣನ ಮೊಮ್ಮಗಳು ಊರಿನಿಂದ ಮೊಬೈಲಿನಲ್ಲಿ ವಿಡಿಯೋ ಕಳಿಸುತ್ತಾಳೆ. ಆಷಾಢದ ಮಳೆಗೆ ಅಲ್ಲಿ ಕರೆಂಟು ಹೋಗಿ ಟವರೂ ಮಲಗಿತೆಂದರೆ, ಗುಡ್ಡ ಹತ್ತಿ ಫೋನು ಎತ್ತಿ ಹಿಡಿದು, “ದೊಡ್ಡದು ಹೋಗ್ತಿಲ್ಲ ಅಜ್ಜ, ಬರೆದು ಕಳಿಸ್ಲಾ?” ಎಂದು ಕೇಳುತ್ತಾಳೆ.